ಎಲಿಜಾ ವಾಪಸ್ ಬರುತ್ತಾಳಾ? ‘ಪಿಗ್ಮೇಲಿಯನ್’ ನಾಟಕದ ಕೊನೆಗಾಗಿ ನಡೆದ ನೂರು ವರ್ಷದ ಹಗ್ಗಜಗ್ಗಾಟ

‘ಮೈ ಫೇರ್ ಲೇಡಿ’ ಸಿನಿಮಾ ನೋಡಿದವರಿಗೆ ಅದರ ಕೊನೆ ಮರೆತಿರುವುದಿಲ್ಲ. ಪ್ರೊಫೆಸರ್ ಹಿಗಿನ್ಸ್ ಒಬ್ಬನೇ ಕೂತು ಎಲಿಜಾಳ ಹಳೆಯ ಧ್ವನಿಮುದ್ರಣ ಕೇಳುತ್ತಿರುತ್ತಾನೆ. ಬಿಟ್ಟುಹೋಗಿದ್ದ ಎಲಿಜಾ ಸದ್ದಿಲ್ಲದೆ ಒಳಗೆ ಬರುತ್ತಾಳೆ. ಅವನು ಕುರ್ಚಿಯಿಂದ ಏಳುವುದೂ ಇಲ್ಲ. ಟೋಪಿ ಮುಖದ ಮೇಲೆ ಎಳೆದುಕೊಂಡು, ನನ್ನ ಚಪ್ಪಲಿ ಎಲ್ಲಿ ಹಾಳಾಗಿ ಹೋಯಿತು ಎಂದು ಕೇಳುತ್ತಾನೆ. ಶುಭಂ.

ಆಮೇಲೆ ಮೂಲ ನಾಟಕ ತೆಗೆದು ಓದಿದರೆ ತಬ್ಬಿಬ್ಬಾಗುತ್ತದೆ. ಅಲ್ಲಿ ಎಲಿಜಾ ಹೊರಟುಹೋಗುತ್ತಾಳೆ, ಅಷ್ಟೇ. ವಾಪಸ್ ಬರುವ ದೃಶ್ಯವೇ ಇಲ್ಲ.

ಇದು ಜಾರ್ಜ್ ಬರ್ನಾರ್ಡ್ ಶಾ ಬರೆದ ‘ಪಿಗ್ಮೇಲಿಯನ್’. ಶಾ ತೀರಿಕೊಂಡಿದ್ದು 1950ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ಸತ್ತ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 2011ರಿಂದ ಇಲ್ಲಿ ಯಾರು ಬೇಕಾದರೂ ಈ ನಾಟಕವನ್ನು ಅನುವಾದಿಸಬಹುದು, ಆಡಬಹುದು. ಆದರೆ ಆಡಲು ಹೊರಟವರಿಗೆ ಮೊದಲ ತಾಲೀಮಿನಲ್ಲೇ ಪ್ರಶ್ನೆ ಏಳುತ್ತದೆ: ಕೊನೆಯಲ್ಲಿ ಏನು ಮಾಡೋಣ? ಇದು ಹೊಸ ಪ್ರಶ್ನೆಯಲ್ಲ. ನಾಟಕ ರಂಗಕ್ಕೆ ಬಂದ ದಿನದಿಂದಲೂ ಇದೆ. ಸ್ವತಃ ಶಾ ಬದುಕಿದ್ದಾಗಲೂ ಇದಕ್ಕೆ ಅಂಕೆ ಹಾಕಲು ಆಗಲಿಲ್ಲ.

## ಕಥೆ ಇಷ್ಟೇ

ಲಂಡನ್ನಿನ ಕೋವೆಂಟ್ ಗಾರ್ಡನ್. ರಾತ್ರಿ ಹನ್ನೊಂದೂ ಕಾಲು, ಜೋರು ಮಳೆ. ಚರ್ಚಿನ ಮುಂದಿನ ಕಂಬಸಾಲಿನಲ್ಲಿ ಜನ ನಿಂತಿದ್ದಾರೆ. ಒಬ್ಬ ಮನುಷ್ಯ ಎಲ್ಲರ ಮಾತನ್ನೂ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾ, ಯಾರು ಯಾವ ಬೀದಿಯವರು ಎಂದು ಉಚ್ಚಾರಣೆಯಿಂದಲೇ ಹೇಳುತ್ತಿದ್ದಾನೆ. ಅವನೇ ಹೆನ್ರಿ ಹಿಗಿನ್ಸ್. ಅಲ್ಲೇ ಹೂ ಮಾರುತ್ತಿದ್ದ ಹುಡುಗಿ ಎಲಿಜಾ ಡೂಲಿಟಲ್. ಇವಳಿಗೆ ಮೂರು ತಿಂಗಳು ಪಾಠ ಮಾಡಿದರೆ ರಾಯಭಾರಿಯ ಪಾರ್ಟಿಯಲ್ಲಿ ಡಚೆಸ್ (ಅತಿ ದೊಡ್ಡ ಕುಲೀನ ಮನೆಯ ಒಡತಿ) ಎಂದು ನಂಬಿಸಬಲ್ಲೆ ಎಂಬ ಜಂಬ ಹಿಗಿನ್ಸನದು. ಭಾರತದಿಂದ ಬಂದ ಕರ್ನಲ್ ಪಿಕರಿಂಗ್ ಅದನ್ನು ಕೇಳಿಸಿಕೊಳ್ಳುತ್ತಾನೆ; ಮರುದಿನ ಆ ಖರ್ಚು ತಾನು ಕೊಡುತ್ತೇನೆಂದು ಪಂಥ ಕಟ್ಟುವವನು ಅವನೇ.

ಮರುದಿನ ಎಲಿಜಾ ತಾನಾಗಿಯೇ ಅವನ ಮನೆಗೆ ಬರುತ್ತಾಳೆ. ಇದನ್ನು ಬಹಳ ಜನ ಮರೆಯುತ್ತಾರೆ. ಅವಳನ್ನು ಯಾರೂ ಎತ್ತಿಕೊಂಡು ಬಂದಿಲ್ಲ. ಹೂವಿನ ಅಂಗಡಿಯಲ್ಲಿ ಕೆಲಸ ಸಿಗಬೇಕಾದರೆ ನೆಟ್ಟಗೆ ಮಾತಾಡಲು ಬರಬೇಕು, ಅದನ್ನು ಕಲಿಸಿ, ಪಾಠಕ್ಕೆ ಒಂದು ಶಿಲಿಂಗ್ ಕೊಡುತ್ತೇನೆ ಎನ್ನುತ್ತಾಳೆ. ಹಿಗಿನ್ಸ್ ಅಲ್ಲೇ ಲೆಕ್ಕ ಹಾಕುತ್ತಾನೆ: ದಿನಕ್ಕೆ ಎರಡೂವರೆ ಶಿಲಿಂಗ್ ದುಡಿಯುವವಳು ಒಂದು ಶಿಲಿಂಗ್ ಕೊಡುವುದೆಂದರೆ, ಒಬ್ಬ ಕೋಟ್ಯಧಿಪತಿ ಸುಮಾರು 60 ಪೌಂಡ್ ಕೊಟ್ಟ ಹಾಗೆ. ಇಷ್ಟು ದೊಡ್ಡ ಫೀಸು ನನಗೆ ಯಾರೂ ಕೊಟ್ಟಿಲ್ಲ ಎನ್ನುತ್ತಾನೆ. ನಗು ಬರುವ ಮಾತು. ಆದರೆ ಅವಳು ಬಿಟ್ಟಿ ಉಪಕಾರ ಕೇಳಲು ಬಂದವಳಲ್ಲ ಎಂಬುದು ಅಲ್ಲಿಗೇ ಗೊತ್ತಾಗುತ್ತದೆ.

ಹಿಗಿನ್ಸ್ ಪಂಥ ಗೆಲ್ಲುತ್ತಾನೆ. ಗೆದ್ದ ರಾತ್ರಿ ಇಬ್ಬರು ಗಂಡಸರೂ ‘ಅಬ್ಬ, ಮುಗೀತು’ ಎಂದು ಆಕಳಿಸುತ್ತಾರೆ. ಎಲಿಜಾ ಅಲ್ಲೇ ಕೂತಿದ್ದಾಳೆ, ಅವಳನ್ನು ಮಾತಾಡಿಸುವವರಿಲ್ಲ. ಹಿಗಿನ್ಸ್ ಚಪ್ಪಲಿ ಹುಡುಕುತ್ತಾನೆ. ಅವಳು ಅದನ್ನೇ ಎತ್ತಿ ಅವನ ಮುಖಕ್ಕೆ ಬೀಸುತ್ತಾಳೆ. ನಾನು ಹೂ ಮಾರುತ್ತಿದ್ದೆ, ನನ್ನನ್ನು ಮಾರಿಕೊಳ್ಳುತ್ತಿರಲಿಲ್ಲ. ಈಗ ನೀವು ನನ್ನನ್ನು ಲೇಡಿ ಮಾಡಿದ ಮೇಲೆ ನನ್ನನ್ನು ಬಿಟ್ಟು ಬೇರೇನೂ ಮಾರುವ ಹಾಗಿಲ್ಲ ಎಂಬ ಅರ್ಥದ ಮಾತು ಬರುವುದು ಈ ದೃಶ್ಯದಲ್ಲೇ. ಇಡೀ ನಾಟಕ ನಿಂತಿರುವುದು ಈ ಮಾತಿನ ಮೇಲೆ.

ಹೆಸರು ಗ್ರೀಕ್ ಪುರಾಣದ್ದು. ರೋಮನ್ ಕವಿ ಓವಿಡ್ ಹೇಳಿದ ಕಥೆಯಲ್ಲಿ ಪಿಗ್ಮೇಲಿಯನ್ ಎಂಬ ಶಿಲ್ಪಿ ತಾನೇ ಕೆತ್ತಿದ ಬೊಂಬೆಯನ್ನು ಪ್ರೀತಿಸುತ್ತಾನೆ. ದೇವತೆ ಅದಕ್ಕೆ ಜೀವ ಕೊಡುತ್ತಾಳೆ, ಮದುವೆಯಾಗುತ್ತದೆ. ಶಾ ಈ ಹೆಸರಿಟ್ಟು, ಮುಖಪುಟದಲ್ಲಿ ‘ರೊಮಾನ್ಸ್’ ಅಂತಲೂ ಬರೆದರು. ಹಾಗೆ ಬರೆದ ಮೇಲೆ ಜನ ಮದುವೆ ನಿರೀಕ್ಷಿಸಿದ್ದು ತಪ್ಪಾ? ನನಗೇನೋ ಅರ್ಧ ತಪ್ಪು ಶಾ ಅವರದೇ ಅನಿಸುತ್ತದೆ.

## ಉಚ್ಚಾರಣೆ ಅಷ್ಟು ದೊಡ್ಡ ವಿಷಯವೇ?

ಆಗಿನ ಇಂಗ್ಲೆಂಡಿನಲ್ಲಿ ಹೌದು. ಎಲಿಜಾ ಆಡುವುದು ಕಾಕ್ನಿ. ಅದು ಲಂಡನ್ನಿನ ಪೂರ್ವ ಭಾಗದ ದುಡಿಯುವ ಜನರ ಮಾತು. ‘ಹ’ಕಾರ ನುಂಗುವುದು, ‘ಏ’ ಎಂಬಲ್ಲಿ ‘ಐ’ ಎನ್ನುವುದು ಅದರ ಗುರುತು. ಅದೇ ಊರಿನ ಪಶ್ಚಿಮ ಭಾಗದ ಶ್ರೀಮಂತರದು ಇನ್ನೊಂದು ಇಂಗ್ಲಿಷ್. ಬಾಯಿ ಬಿಟ್ಟ ತಕ್ಷಣ ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಾನೆ ಎಂಬುದು ತಿಳಿದುಹೋಗುತ್ತಿತ್ತು. ಕೆಲಸ, ಮದುವೆ, ಮರ್ಯಾದೆ ಎಲ್ಲ ಅದರ ಮೇಲೆ.

ಮಾತಿನ ಸದ್ದುಗಳನ್ನು ಅಳೆದು ದಾಖಲಿಸುವ ವಿದ್ಯೆಗೆ ಫೋನೆಟಿಕ್ಸ್ ಎನ್ನುತ್ತಾರೆ, ಕನ್ನಡದಲ್ಲಿ ಧ್ವನಿಶಾಸ್ತ್ರ. ಹೆನ್ರಿ ಸ್ವೀಟ್ ಅದರ ದೊಡ್ಡ ಪಂಡಿತರು. ಹಿಗಿನ್ಸ್ ಅವರ ಪಡಿಯಚ್ಚಲ್ಲ, ಆದರೆ ಅವರ ಛಾಯೆ ಇದೆ ಎಂದು ಶಾ ಮುನ್ನುಡಿಯಲ್ಲಿ ಬರೆದಿದ್ದಾರೆ. ಶಾ ಅವರಿಗೆ ಇಂಗ್ಲಿಷ್ ಕಾಗುಣಿತದ ಮೇಲೆ ವಿಪರೀತ ಸಿಟ್ಟು. ಬರೆದ ಹಾಗೆ ಓದುವ, ಕನಿಷ್ಠ 40 ಅಕ್ಷರಗಳ ಹೊಸ ಲಿಪಿ ಮಾಡಿಸಿ ಎಂದು ಉಯಿಲಿನಲ್ಲೇ ದುಡ್ಡು ಎತ್ತಿಟ್ಟಿದ್ದರು. ನಮ್ಮ ವರ್ಣಮಾಲೆ ಕಲಿತವರಿಗೆ ಇದೇನು ಮಹಾ ಅನಿಸಬಹುದು. ಅವರಿಗೆ ಅದು ಜೀವಮಾನದ ಹಟ.

## ಲಂಡನ್ನಿಗೂ ಮೊದಲು ವಿಯೆನ್ನಾ

ನಾಟಕ ಬರೆದದ್ದು 1912ರಲ್ಲಿ. ಬೀಜ ಅದಕ್ಕೂ ಹಳೆಯದು. 1897ರಲ್ಲೇ ನಟಿ ಎಲೆನ್ ಟೆರಿಗೆ ಬರೆದ ಪತ್ರದಲ್ಲಿ, ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್ ಎಂಬ ನಟಿಗಾಗಿ, ಆಸ್ಟ್ರಿಚ್ ಗರಿ ಸಿಕ್ಕಿಸಿಕೊಂಡ ಈಸ್ಟ್ ಎಂಡ್ ಹುಡುಗಿಯ ಪಾತ್ರ ಬರೆಯಬೇಕು ಎಂದಿದ್ದರು.

ಆದರೆ ಇಂಗ್ಲಿಷಿನ ಈ ನಾಟಕ ಮೊದಲು ಆಡಿದ್ದು ಜರ್ಮನ್ನಿನಲ್ಲಿ! 1913ರ ಅಕ್ಟೋಬರ್ 16ರಂದು, ವಿಯೆನ್ನಾದ ಬುರ್ಗ್ ಥಿಯೇಟರಿನಲ್ಲಿ, ಸೀಗ್‌ಫ್ರೀಡ್ ಟ್ರೆಬಿಚ್ ಅವರ ಅನುವಾದದಲ್ಲಿ. ಲಂಡನ್ ವಿಮರ್ಶಕರು ತಮ್ಮ ಪ್ರತಿ ನಾಟಕವನ್ನೂ ‘ಇದು ನಾಟಕವೇ ಅಲ್ಲ, ಬರೀ ಬೋರು’ ಎಂದು ಬರೆಯುತ್ತಾರೆ, ಆ ಸುದ್ದಿ ಯುರೋಪಿಗೆ ಹೋಗಿ ಅಲ್ಲಿನ ಪ್ರಯೋಗವೂ ಕೆಡುತ್ತದೆ, ಅದಕ್ಕೇ ಮೊದಲು ಅಲ್ಲೇ ಆಡಿಬಿಡಲಿ ಎಂಬುದು ಶಾ ಲೆಕ್ಕಾಚಾರ. ಬರ್ಲಿನ್ನಿನಲ್ಲೂ ಆಯಿತು. 1914ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಜರ್ಮನ್ ರಂಗಮಂದಿರವೊಂದರಲ್ಲೂ ಆಯಿತು. ಹೀಗೆ ಲಂಡನ್ನಿನ ಬೀದಿ ಮಾತಿನ ಬಗ್ಗೆ ಬರೆದ ನಾಟಕ ಲಂಡನ್ ಬಿಟ್ಟು ಎಲ್ಲ ಕಡೆ ತಿರುಗಿ, ಕಡೆಗೆ ಲಂಡನ್ನಿಗೆ ಬಂತು.

## 1914: ಮೂವರು ಹಟಮಾರಿಗಳು

ಲಂಡನ್ ಪ್ರಯೋಗದ ಹೊಣೆ ಹೊತ್ತವರು ಸರ್ ಹರ್ಬರ್ಟ್ ಬೀರ್ಬೋಮ್ ಟ್ರೀ. ಆ ಕಾಲದಲ್ಲಿ ಅಲ್ಲಿ ‘ಆಕ್ಟರ್ ಮ್ಯಾನೇಜರ್’ ಎಂಬ ಪದ್ಧತಿ ಇತ್ತು. ನಮ್ಮ ಕಂಪನಿ ನಾಟಕದ ದಿನಗಳಲ್ಲಿ ಗುಬ್ಬಿ ವೀರಣ್ಣನವರು ಮಾಲೀಕರೂ ಹೌದು, ಮುಖ್ಯ ನಟರೂ ಹೌದು, ಹಾಗೆ. ದುಡ್ಡು ಅವರದು, ಮಂದಿರ ಅವರದು, ಪಾತ್ರ ಅವರದು. ಜನ ಬರುವುದೂ ಅವರ ಮುಖ ನೋಡಿಯೇ. ಅಂಥವರ ಮನೆಗೆ ನಾಟಕಕಾರ ಬಂದು ‘ಹೀಗೇ ಮಾಡಿ’ ಎಂದರೆ ಕೇಳುತ್ತಾರಾ? ಶಾ ಅಂತೂ ನಿರ್ದೇಶನವನ್ನೂ ತಾವೇ ಮಾಡುತ್ತೇನೆ ಎಂದು ಕೂತರು.

ಎಲಿಜಾ ಪಾತ್ರಕ್ಕೆ ಮಿಸೆಸ್ ಕ್ಯಾಂಪ್‌ಬೆಲ್. ಪಾತ್ರದ ವಯಸ್ಸು ಹದಿನೆಂಟೋ ಇಪ್ಪತ್ತೋ. ನಟಿಗೆ ಆಗ 49. ಜೊತೆಗೆ ಅವರು ಗತ್ತಿನ ಪಾತ್ರಗಳಿಗೆ ಹೆಸರಾದವರು, ಕಾಕ್ನಿಯನ್ನು ಹೊಸದಾಗಿ ಕಲಿಯಬೇಕಾಯಿತು. ಅಂದರೆ ಎಲಿಜಾ ಕಲಿತದ್ದರ ಉಲ್ಟಾ! ಶಾ ಅವರಿಗೆ ಈ ನಟಿಯ ಮೇಲೆ ಮನಸ್ಸೂ ಹೋಗಿತ್ತು. ಇಬ್ಬರ ಪತ್ರಗಳು ಇವತ್ತಿಗೂ ಪ್ರಸಿದ್ಧ, ಅವುಗಳಿಂದಲೇ ಮುಂದೆ ಒಂದು ನಾಟಕ ಹುಟ್ಟಿತು. ಮೊದಲ ಪ್ರದರ್ಶನಕ್ಕೆ ಐದು ದಿನ ಇರುವಾಗ, ಏಪ್ರಿಲ್ 6ರಂದು, ಆಕೆ ಬೇರೊಬ್ಬರನ್ನು ಮದುವೆಯಾಗಿ ತಾಲೀಮು ಬಿಟ್ಟು ಹೊರಟೇಬಿಟ್ಟರು. ವರ ಜಾರ್ಜ್ ಕಾರ್ನ್‌ವಾಲಿಸ್ ವೆಸ್ಟ್. ಅವರ ಹಿಂದಿನ ಹೆಂಡತಿ ವಿನ್‌ಸ್ಟನ್ ಚರ್ಚಿಲ್ ಅವರ ತಾಯಿ. ಹೋದವರು ಪ್ರಯೋಗದ ಹೊತ್ತಿಗೆ ವಾಪಸ್ ಬಂದರು, ಪುಣ್ಯ.

ಟ್ರೀ ಅವರಿಗೆ ಮಾತು ಬಾಯಿಪಾಠ ಆಗುತ್ತಿರಲಿಲ್ಲ. ಚೀಟಿ ಬರೆದು ಕುರ್ಚಿ, ಮೇಜುಗಳ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ತಾಲೀಮಿನಲ್ಲಿ ದಿನಾ ಜಗಳ. ಮೊದಲ ಪ್ರದರ್ಶನದ ದಿನ ಬೆಳಗ್ಗೆಯೂ ಶಾ, ‘ಕಡೆಯ ಆಜ್ಞೆಗಳು’ ಎಂಬ ತಲೆಬರಹ ಹಾಕಿ ಮಿಸೆಸ್ ಕ್ಯಾಂಪ್‌ಬೆಲ್‌ಗೆ ಪತ್ರ ಕಳಿಸಿದರು.

## ಟೀ ಕುಡಿಯುವಾಗ ಬಂದ ಒಂದು ಬೈಗುಳ

1914ರ ಏಪ್ರಿಲ್ 11, ಹಿಸ್ ಮೆಜೆಸ್ಟೀಸ್ ಥಿಯೇಟರ್. ಆ ರಾತ್ರಿ ಜನ ಕಾದಿದ್ದು ಮೂರನೇ ಅಂಕಕ್ಕೆ. ಅದರಲ್ಲಿ ಒಂದು ಪದ ಬರುತ್ತದೆ ಎಂದು ಪತ್ರಿಕೆಯೊಂದು ಅದೇ ದಿನ ಸುಳಿವು ಕೊಟ್ಟಿತ್ತು.

ಈ ದೃಶ್ಯ ಕೆಲಸ ಮಾಡುವ ರೀತಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಗಿನ್ಸನ ತಾಯಿಯ ಮನೆ, ಚೆಲ್ಸಿಯಾದಲ್ಲಿ. ದೊಡ್ಡ ಮನೆಯ ಹೆಂಗಸರು ಟೀಗೆ ಬಂದಿದ್ದಾರೆ. ಎಲಿಜಾಳ ಪಾಠ ಅರ್ಧ ಆಗಿದೆ. ಹವಾಮಾನ, ಆರೋಗ್ಯ ಇವೆರಡು ಬಿಟ್ಟು ಬೇರೆ ಮಾತಾಡಬೇಡ ಎಂದು ಹೇಳಿಕೊಟ್ಟು ಕಳಿಸಿದ್ದಾರೆ. ಅವಳು ಬಂದು, ಮುತ್ತು ಪೋಣಿಸಿದಂಥ ಉಚ್ಚಾರಣೆಯಲ್ಲಿ, ದ್ವೀಪಗಳ ಪಶ್ಚಿಮಕ್ಕಿರುವ ವಾಯುಭಾರ ಕುಸಿತ ನಿಧಾನವಾಗಿ ಪೂರ್ವಕ್ಕೆ ಸರಿಯುವ ಸಾಧ್ಯತೆ ಇದೆ ಎಂದು ಹವಾಮಾನ ವರದಿ ಒಪ್ಪಿಸುತ್ತಾಳೆ. ಎಲ್ಲರೂ ತಲೆದೂಗುತ್ತಾರೆ. ಆಮೇಲೆ ಯಾರೋ ಇನ್‌ಫ್ಲುಯೆಂಜಾ ಎಂದ ತಕ್ಷಣ ಅವಳಿಗೆ ಸತ್ತ ಚಿಕ್ಕಮ್ಮ ನೆನಪಾಗುತ್ತಾಳೆ. ಚಿಕ್ಕಮ್ಮ ಜ್ವರಕ್ಕೆ ಸತ್ತಿಲ್ಲ, ಅವಳ ಹೊಸ ಹ್ಯಾಟು ಎಗರಿಸಿದವರೇ ಅವಳನ್ನು ಮುಗಿಸಿರಬೇಕು, ಹಿಂದೊಮ್ಮೆ ಸತ್ತೇಹೋದಳು ಎಂದುಕೊಂಡಾಗಲೂ ಅಪ್ಪ ಅವಳ ಗಂಟಲಿಗೆ ಸೌಟಿನಲ್ಲಿ ಜಿನ್ ಸುರಿದು ಎಬ್ಬಿಸಿದ್ದ ಎಂದು ಅದೇ ಮುತ್ತಿನಂಥ ಉಚ್ಚಾರಣೆಯಲ್ಲಿ ಹೇಳುತ್ತಾಳೆ. ಸದ್ದು ಡಚೆಸ್‌ದು, ಸಂಗತಿ ಬೀದಿಯದು. ನಗು ಹುಟ್ಟುವುದು ಈ ಎರಡರ ನಡುವೆ. ಗಮನಿಸಿ, ಅವಳು ತಪ್ಪಾಗಿ ಏನನ್ನೂ ಉಚ್ಚರಿಸುವುದಿಲ್ಲ. ನಟಿ ಇಲ್ಲಿ ಕಾಕ್ನಿಗೆ ಜಾರಿದರೆ ದೃಶ್ಯ ಸತ್ತೇಹೋಗುತ್ತದೆ.

ಹೊರಡುವಾಗ ಫ್ರೆಡ್ಡಿ ಎಂಬ ಹುಡುಗ, ಪಾರ್ಕಿನ ಮೂಲಕ ನಡೆದು ಹೋಗುತ್ತೀರಾ ಎಂದು ಕೇಳುತ್ತಾನೆ. ‘ನಡೆಯೋದಾ! ನಾಟ್ ಬ್ಲಡಿ ಲೈಕ್ಲಿ’ ಎಂದು ಹೇಳಿ ಎಲಿಜಾ ಟ್ಯಾಕ್ಸಿ ಹತ್ತಲು ಹೊರಡುತ್ತಾಳೆ. ‘ಬ್ಲಡಿ’ ಇವತ್ತು ನಮ್ಮ ಊರುಗಳಲ್ಲೂ ಸುಮ್ನೆ ಬಾಯಿಗೆ ಬರುವ ಪದ. ಆಗ ಅದನ್ನು ಗೌರವಸ್ಥರ ಮುಂದೆ, ಅದೂ ರಂಗದ ಮೇಲೆ, ಹೆಂಗಸೊಬ್ಬಳು ಆಡುವುದು ಊಹೆಗೂ ಮೀರಿದ್ದು. ಜನ ನಗಲು ಶುರು ಮಾಡಿದವರು ಒಂದು ನಿಮಿಷಕ್ಕೂ ಜಾಸ್ತಿ ನಗುತ್ತಲೇ ಇದ್ದರು. ನಾಟಕ ಅಷ್ಟು ಹೊತ್ತು ನಿಂತಿತು.

ಸರಕಾರ ಇದಕ್ಕೆ ಒಪ್ಪಿತ್ತಾ? ಒಪ್ಪಿತ್ತು. ಆಗ ಇಂಗ್ಲೆಂಡಿನಲ್ಲಿ ಯಾವುದೇ ಹೊಸ ನಾಟಕ ಆಡಬೇಕಾದರೆ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲಿನ್ ಅವರ ಕಚೇರಿಗೆ ಹಸ್ತಪ್ರತಿ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಈ ಪದ್ಧತಿ 1968ರವರೆಗೂ ಇತ್ತು. ಪರಿಶೀಲಿಸಿದವರು ಆ ಪದವನ್ನು ಹೊಡೆದು ಹಾಕಲಿಲ್ಲ. ಪಾದ್ರಿಗಳಿಂದ ವಿರೋಧ ಬಂತು, ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಜನ ಮಾತ್ರ ಬೈಗುಳದ ಜಾಗದಲ್ಲಿ ‘ನಾಟ್ ಪಿಗ್ಮೇಲಿಯನ್ ಲೈಕ್ಲಿ’ ಎಂದು ತಮಾಷೆ ಮಾಡಲು ಕಲಿತರು. ಟಿಕೆಟ್ ಚೆನ್ನಾಗಿ ಹೋಯಿತು.

## ಹೂಗುಚ್ಛ

ಈಗ ಕೊನೆಗೆ ಬರೋಣ. ಶಾ ಬರೆದ ಪ್ರಕಾರ ಐದನೇ ಅಂಕದಲ್ಲಿ ಎಲಿಜಾ ಹಿಗಿನ್ಸನಿಗೆ ಎದುರು ನಿಂತು ಮಾತಾಡುತ್ತಾಳೆ. ಫ್ರೆಡ್ಡಿಯನ್ನು ಮದುವೆಯಾಗುತ್ತೇನೆ, ಬೇಕಾದರೆ ನಿನ್ನ ವಿದ್ಯೆಯನ್ನೇ ಬೇರೆಯವರಿಗೆ ಕಲಿಸಿ ಬದುಕುತ್ತೇನೆ ಎನ್ನುತ್ತಾಳೆ. ಹಿಗಿನ್ಸ್ ಮಾತ್ರ ಏನೂ ಆಗದವನ ಹಾಗೆ, ಬರುವಾಗ ಹ್ಯಾಮ್, ಚೀಸ್, ಕೈಗವಸು, ಒಂದು ಟೈ ತೆಗೆದುಕೊಂಡು ಬಾ ಎನ್ನುತ್ತಾನೆ. ‘ನೀವೇ ತಗೊಳ್ಳಿ’ ಎಂದು ಎಲಿಜಾ ಹೊರಗೆ ನಡೆಯುತ್ತಾಳೆ. ಅವಳೇ ತರುತ್ತಾಳೆ ಬಿಡಿ ಎಂದು ಹಿಗಿನ್ಸ್ ತಾಯಿಗೆ ಹೇಳಿ, ಜೇಬಿನ ಚಿಲ್ಲರೆ ಕುಲುಕಿಸುತ್ತಾ ಒಬ್ಬನೇ ನಗುತ್ತಾ ನಿಲ್ಲುತ್ತಾನೆ. ಪರದೆ.

ಟ್ರೀ ಅವರಿಗೆ ಇದು ಒಗ್ಗಲಿಲ್ಲ. ನಾಯಕನಾಗಿ ಮೆರೆದವರಿಗೆ ಕೊನೆಯಲ್ಲಿ ಹುಡುಗಿ ಬಿಟ್ಟುಹೋಗುವುದೇ? ಮೊದಲ ರಾತ್ರಿಯೇ ಅವರು ವಿರಹಿ ರೋಮಿಯೋನ ಹಾಗೆ ಎಲಿಜಾಳ ಮುಂದೆ ಹ್ಯಾಮಿಗಾಗಿ ಅಂಗಲಾಚಿದರು ಎಂದು ಶಾ ಹೆಂಡತಿಗೆ ಪತ್ರ ಬರೆದರು. ನೋಡಲಾಗದೆ ಎದ್ದು ಹೋಗಿದ್ದರು. ಮುಂದೆ ನೂರನೇ ಪ್ರದರ್ಶನಕ್ಕೆ ಬಂದು ನೋಡಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೊನೆಯ ಮಾತಿಗೂ ಪರದೆ ಬೀಳುವುದಕ್ಕೂ ನಡುವೆ ಇರುವ ಒಂದೆರಡು ಕ್ಷಣದಲ್ಲಿ ಟ್ರೀ ಎಲಿಜಾಳ ಕಡೆಗೆ ಹೂಗುಚ್ಛ ಎಸೆಯುತ್ತಿದ್ದರು. ಒಂದು ಪದವೂ ಬದಲಾಗಿಲ್ಲ. ಅರ್ಥ ಪೂರ್ತಿ ಬದಲು. ಪ್ರೇಕ್ಷಕ ಮನೆಗೆ ಹೋಗುವಾಗ ‘ಇನ್ನೇನು ಇವರಿಬ್ಬರ ಮದುವೆ’ ಎಂದುಕೊಂಡೇ ಹೋಗುತ್ತಾನೆ.

ನನ್ನ ಕೊನೆಯಿಂದ ದುಡ್ಡು ಬರುತ್ತಿದೆ, ನೀವು ಋಣಿಯಾಗಿರಬೇಕು ಎಂದು ಟ್ರೀ ಬರೆದರು. ನಿಮ್ಮ ಕೊನೆ ದರಿದ್ರವಾಗಿದೆ, ನಿಮಗೆ ಗುಂಡು ಹೊಡೆಯಬೇಕು ಎಂದು ಶಾ ಉತ್ತರಿಸಿದರು. ದುಡ್ಡಿನ ವಿಚಾರದಲ್ಲಿ ಟ್ರೀ ಹೇಳಿದ್ದು ಸುಳ್ಳೇನಲ್ಲ. 118 ಪ್ರದರ್ಶನ ಆದವು. ಟ್ರೀ ಅವರಿಗೆ ಬೇಜಾರಾಗಿ, ರಜೆ ಬೇಕೆಂದು ಜುಲೈನಲ್ಲಿ ನಿಲ್ಲಿಸಿದರು. ಆಗಸ್ಟಿನಲ್ಲಿ ಬ್ರಿಟನ್ ಮಹಾಯುದ್ಧಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಮಿಸೆಸ್ ಕ್ಯಾಂಪ್‌ಬೆಲ್ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಇಂಗ್ಲಿಷಿನಲ್ಲೇ ಆಡಿದರು.

ಶಾ ಸುಮ್ಮನಾಗಲಿಲ್ಲ. 1916ರಲ್ಲಿ ನಾಟಕ ಪುಸ್ತಕವಾಗಿ ಬಂದಾಗ ಹಿಂದೆ ಉದ್ದದ ಉತ್ತರಕಥೆ ಸೇರಿಸಿದರು. ಎಲಿಜಾ ಫ್ರೆಡ್ಡಿಯನ್ನೇ ಮದುವೆಯಾದಳು, ಹೂವಿನ ಅಂಗಡಿ ಹಾಕಿದಳು, ಲೆಕ್ಕಪತ್ರ ಬರದೆ ಒದ್ದಾಡಿದಳು ಎಂದು ವಿವರವಾಗಿ ಬರೆದರು. 1920ರಲ್ಲಿ ಆಲ್ಡ್‌ವಿಚ್ ಥಿಯೇಟರಿನಲ್ಲಿ ಮರುಪ್ರಯೋಗ ಆದಾಗ ಹೊಸದೊಂದು ಉಪಾಯ ಹೂಡಿದರು. ಹಿಗಿನ್ಸ್ ಬಾಲ್ಕನಿಗೆ ಹೋಗಿ ಎಲಿಜಾ ಹೋಗುವುದನ್ನು ನೋಡಿ, ಒಳಗೆ ಬಂದು ‘ಗಲಾಟಿಯಾ!’ ಎಂದು ಉದ್ಗರಿಸಬೇಕು. ಪುರಾಣದ ಬೊಂಬೆಗೆ ನಂತರದವರು ಇಟ್ಟ ಹೆಸರು ಅದು. ಅಂದರೆ, ಬೊಂಬೆಗೆ ಜೀವ ಬಂತು, ಈಗ ಅದು ತನ್ನ ಪಾಡಿಗೆ ನಡೆಯುತ್ತದೆ ಎಂದು. ಆಗ ಹಿಗಿನ್ಸ್ ಆದವರು ಸಿ. ಆಬ್ರಿ ಸ್ಮಿತ್. ಕ್ರಿಕೆಟ್ ಪ್ರಿಯರಿಗೆ ಗೊತ್ತಿರಬಹುದು, ಅವರು ಇಂಗ್ಲೆಂಡ್ ಟೆಸ್ಟ್ ತಂಡದ ಕ್ಯಾಪ್ಟನ್ ಆಗಿದ್ದವರು. ಎಲಿಜಾ ಮತ್ತೆ ಮಿಸೆಸ್ ಕ್ಯಾಂಪ್‌ಬೆಲ್ಲೇ, 55ರ ವಯಸ್ಸಿನಲ್ಲಿ.

## ಸಿನಿಮಾ ಬಂದು ಎಲ್ಲ ತಲೆಕೆಳಗು

ಮೂಲ ನಾಟಕದಲ್ಲಿ ಒಂದು ವಿಚಿತ್ರ ಇದೆ. ಎಲಿಜಾ ಡಚೆಸ್ ಆಗಿ ಮೆರೆಯುವ ಪಾರ್ಟಿಯೇ ರಂಗದ ಮೇಲೆ ಬರುವುದಿಲ್ಲ. ಟೀ ದೃಶ್ಯ ಮುಗಿದರೆ ಮುಂದಿನ ಅಂಕದಲ್ಲಿ ಪಂಥ ಗೆದ್ದಾಗಿರುತ್ತದೆ. ಸಿನಿಮಾದವರು ಅಂಥ ಅವಕಾಶ ಬಿಡುತ್ತಾರಾ? ಗೇಬ್ರಿಯಲ್ ಪ್ಯಾಸ್ಕಲ್ ಎಂಬ ಹಂಗೆರಿಯ ನಿರ್ಮಾಪಕ ಶಾ ಅವರನ್ನು ಒಲಿಸಿ 1938ರಲ್ಲಿ ಸಿನಿಮಾ ಮಾಡಿದರು. ವೆಂಡಿ ಹಿಲರ್ ಎಲಿಜಾ, ಲೆಸ್ಲಿ ಹೋವರ್ಡ್ ಹಿಗಿನ್ಸ್. ಪಾರ್ಟಿ ದೃಶ್ಯ ಬಂತು. ‘ದ ರೇನ್ ಇನ್ ಸ್ಪೇನ್’ ಎಂಬ ಉಚ್ಚಾರಣೆಯ ಕಸರತ್ತೂ ಮೊದಲು ಬಂದದ್ದು ಈ ಸಿನಿಮಾದಲ್ಲೇ.

ಕೊನೆಗೆ ಶಾ ಬರೆದುಕೊಟ್ಟದ್ದು ಎಲಿಜಾ ಮತ್ತು ಫ್ರೆಡ್ಡಿಯ ಹೂವಿನ ಅಂಗಡಿ. ತೆರೆಯ ಮೇಲೆ ಬಂದದ್ದು ಬೇರೆ. ಎಲಿಜಾ ಹಿಗಿನ್ಸನ ಮನೆಗೆ ವಾಪಸ್ ಬರುತ್ತಾಳೆ, ಅವನು ಚಪ್ಪಲಿ ಕೇಳುತ್ತಾನೆ. ಶಾ ಅವರಿಗೆ ಇದು ಗೊತ್ತಾಗಿದ್ದು ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ. ಆ ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಅದೇ ಸಿನಿಮಾದ ಚಿತ್ರಕಥೆಗೆ ಅವರಿಗೆ ಆಸ್ಕರ್ ಬಂತು. 1925ರ ನೊಬೆಲ್ ಆಗಲೇ ಇತ್ತು. ಎರಡೂ ಪಡೆದ ಮೊದಲಿಗರು ಅವರು. ಆಸ್ಕರ್ ಸುದ್ದಿ ಕೇಳಿ ಇದು ಅವಮಾನ ಎಂದು ರೇಗಿದರು.

1941ರ ಹೊಸ ಆವೃತ್ತಿಯಲ್ಲಿ ಶಾ ಕೊನೆಯನ್ನು ಮತ್ತೆ ತಿದ್ದಿದರು. ‘ಅವಳು ಫ್ರೆಡ್ಡಿಯನ್ನು ಮದುವೆಯಾಗ್ತಾಳಂತೆ’ ಎಂದು ಹಿಗಿನ್ಸ್ ಗಹಗಹಿಸಿ ನಗುವುದರೊಂದಿಗೆ ನಾಟಕ ಮುಗಿಯುತ್ತದೆ. ಮೂವತ್ತು ವರ್ಷ ಒಂದೇ ಪುಟವನ್ನು ತಿದ್ದುತ್ತಾ ಕೂತರು ಅಲ್ವಾ?

## ಹಾಡು ಸೇರಿದ ಮೇಲೆ

ತಮ್ಮ ಇನ್ನೊಂದು ನಾಟಕವನ್ನು ಹಿಂದೆ ಯಾರೋ ಸಂಗೀತ ನಾಟಕ ಮಾಡಿದ್ದರಿಂದ ರೋಸಿಹೋಗಿದ್ದ ಶಾ, ಬದುಕಿರುವ ತನಕ ‘ಪಿಗ್ಮೇಲಿಯನ್’ಗೆ ಹಾಡು ಕಟ್ಟಲು ಬಿಡಲಿಲ್ಲ. ಅವರು ಹೋದ ಮೇಲೆ ಹಲವರು ಪ್ರಯತ್ನಿಸಿದರು. ಸಂಗೀತ ನಾಟಕದ ದಿಗ್ಗಜರಾದ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಇದು ಆಗದ ಕೆಲಸ ಎಂದು ಕೈಬಿಟ್ಟರು. ಇದರಲ್ಲಿ ಪ್ರೇಮಗೀತೆ ಹಾಡುವುದಾದರೂ ಎಲ್ಲಿ? ಆಲನ್ ಜೇ ಲರ್ನರ್ ಮತ್ತು ಫ್ರೆಡೆರಿಕ್ ಲೋ ಜೋಡಿಯೂ ಒಮ್ಮೆ ಬಿಟ್ಟು, ಮತ್ತೆ ಕೈಗೆತ್ತಿಕೊಂಡರು. ಶಾ ಮಾತುಗಳನ್ನು ಆದಷ್ಟು ಹಾಗೇ ಇಟ್ಟು, ಅಂಕಗಳ ನಡುವೆ ರಂಗದ ಹೊರಗೆ ನಡೆಯುತ್ತಿದ್ದದ್ದನ್ನು ಹಾಡಿನಲ್ಲಿ ತೋರಿಸಿದರೆ ಸಾಕು ಎಂಬುದು ಅವರು ಕಂಡುಕೊಂಡ ದಾರಿ.

1956ರ ಮಾರ್ಚ್ 15ರಂದು ನ್ಯೂಯಾರ್ಕಿನಲ್ಲಿ ‘ಮೈ ಫೇರ್ ಲೇಡಿ’ ಶುರುವಾಯಿತು. ಹಿಗಿನ್ಸ್ ಆದ ರೆಕ್ಸ್ ಹ್ಯಾರಿಸನ್ ಅವರಿಗೆ ಹಾಡಲು ಬರುತ್ತಿರಲಿಲ್ಲ, ತಾಳಕ್ಕೆ ತಕ್ಕಂತೆ ಮಾತಾಡಿಬಿಟ್ಟರು. ಅದಕ್ಕೂ ಮೊದಲು ನ್ಯೂ ಹೇವನ್ ಊರಿನ ಪ್ರಾಯೋಗಿಕ ಪ್ರದರ್ಶನದಲ್ಲಿ ವಾದ್ಯವೃಂದದ ಭಯಕ್ಕೆ ರಂಗಕ್ಕೇ ಬರುವುದಿಲ್ಲ ಎಂದು ಕೂತಿದ್ದರು. ಎಲಿಜಾ ಆದ ಜೂಲಿ ಆಂಡ್ರ್ಯೂಸ್‌ಗೆ ಇಪ್ಪತ್ತು ವರ್ಷ. ಅಂತೂ ಪಾತ್ರದ ವಯಸ್ಸಿನ ನಟಿ! 2,717 ಪ್ರದರ್ಶನ ನಡೆದವು. 1964ರ ಸಿನಿಮಾದಲ್ಲಿ ಆಡ್ರಿ ಹೆಪ್‌ಬರ್ನ್ ಬಂದರು, ಹೆಚ್ಚಿನ ಹಾಡುಗಳಿಗೆ ಮಾರ್ನಿ ನಿಕ್ಸನ್ ಅವರ ದನಿ. ಎಂಟು ಆಸ್ಕರ್ ಬಂದವು.

ಕೊನೆ ಮಾತ್ರ 1938ರ ಸಿನಿಮಾದ್ದೇ: ವಾಪಸ್ ಬರುವ ಎಲಿಜಾ, ಚಪ್ಪಲಿ ಕೇಳುವ ಹಿಗಿನ್ಸ್. ಶಾ ಹೇಳಿದ ಉತ್ತರಕಥೆ ಸರಿ ಎಂದು ನನಗೆ ಖಾತ್ರಿಯಿಲ್ಲ, ಶಾ ಮತ್ತು ಸ್ವರ್ಗ ಎರಡೂ ನನ್ನನ್ನು ಕ್ಷಮಿಸಲಿ ಎಂದು ಲರ್ನರ್ ಪುಸ್ತಕದಲ್ಲಿ ಬರೆದುಕೊಂಡರು. ಶಾ ಆಸ್ತಿಗೆ ಇದರಿಂದ ಬಂದ ಗೌರವಧನ ಅಪಾರ. ಉಯಿಲಿನ ಪ್ರಕಾರ ಅದು ಬ್ರಿಟಿಷ್ ಮ್ಯೂಸಿಯಂ, ಐರ್ಲೆಂಡಿನ ನ್ಯಾಷನಲ್ ಗ್ಯಾಲರಿ ಮತ್ತು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ನಡುವೆ ಹಂಚಿಕೆಯಾಯಿತು. ಆ ಅಕಾಡೆಮಿಯನ್ನು 1904ರಲ್ಲಿ ಹುಟ್ಟುಹಾಕಿದವರು ಯಾರು ಗೊತ್ತಾ? ಹೂಗುಚ್ಛ ಎಸೆದ ಟ್ರೀ.

ಗಾಳಿ ಆಮೇಲೆ ಬೇರೆ ಕಡೆ ತಿರುಗಿತು. 2018ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಬಾರ್ಟ್ಲೆಟ್ ಶೇರ್ ನಿರ್ದೇಶಿಸಿದ ‘ಮೈ ಫೇರ್ ಲೇಡಿ’ಯಲ್ಲಿ ಎಲಿಜಾ ವಾಪಸ್ ಬರುತ್ತಾಳೆ, ಹಿಗಿನ್ಸ್ ಚಪ್ಪಲಿ ಕೇಳುತ್ತಾನೆ. ಅವಳು ಅವನ ಕೆನ್ನೆ ಸವರಿ, ರಂಗದಿಂದ ಕೆಳಗಿಳಿದು, ಪ್ರೇಕ್ಷಕರ ಸಾಲುಗಳ ನಡುವೆ ನಡೆದು ಹೊರಟುಹೋಗುತ್ತಾಳೆ. ಟ್ರೀ ಮಾಡಿದ ಕೆಲಸವೇ ಇದು, ದಿಕ್ಕು ಮಾತ್ರ ತಿರುಗುಮುರುಗು: ಮಾತು ಮುಟ್ಟದೆ ಅರ್ಥ ಬದಲಿಸುವುದು.

## ನಮ್ಮ ಕಡೆ ಎಲಿಜಾ

ಭಾರತದ ಭಾಷೆಗಳಿಗೂ ಈ ನಾಟಕ ಬಂದಿದೆ. ಮರಾಠಿಯಲ್ಲಿ ಪು. ಲ. ದೇಶಪಾಂಡೆ ‘ತೀ ಫುಲರಾಣಿ’ ಎಂದು ರೂಪಾಂತರಿಸಿದರು. 1975ರಲ್ಲಿ ರಂಗಕ್ಕೆ ಬಂತು. ಭಕ್ತಿ ಬರ್ವೆ ಅವರ ಮಂಜುಳಾ ಪಾತ್ರ, ಅದರಲ್ಲೂ ಪ್ರೊಫೆಸರನಿಗೆ ತಕ್ಕ ಪಾಠ ಕಲಿಸುತ್ತೇನೆ ಎಂದು ಅವಳೊಬ್ಬಳೇ ಕುದಿಯುವ ಸ್ವಗತ, ಮರಾಠಿ ಮನೆಮಾತಾಯಿತು. ಗುಜರಾತಿಯಲ್ಲಿ ‘ಸಂತು ರಂಗೀಲಿ’ಯಾಗಿ ಸರಿತಾ ಜೋಶಿ ಹೆಸರು ಮಾಡಿದರು. ಕನ್ನಡಕ್ಕೆ ಜಯಂತ ಕಾಯ್ಕಿಣಿ ‘ಸೇವಂತಿ ಪ್ರಸಂಗ’ ಎಂದು ತಂದರು.

ರೂಪಾಂತರ ಮಾಡುವವರಿಗೆ ಇಲ್ಲೊಂದು ತೊಡಕಿದೆ. ಕಾಕ್ನಿ ಒಂದೇ ಊರಿನ ಬಡವರ ಮಾತು. ನಮ್ಮಲ್ಲಿ ಮಾತಿನ ವ್ಯತ್ಯಾಸಕ್ಕೆ ಊರು, ಜಾತಿ, ಸೀಮೆ ಎಲ್ಲ ಸೇರಿಕೊಂಡಿವೆ. ಎಲಿಜಾಗೆ ಧಾರವಾಡದ್ದೋ ಕುಂದಾಪುರದ್ದೋ ಕನ್ನಡ ಕೊಟ್ಟು, ಅದನ್ನು ‘ತಿದ್ದುವ’ ಪ್ರೊಫೆಸರನನ್ನು ನಿಲ್ಲಿಸಿದರೆ ಸಭೆಯಲ್ಲಿ ಕೂತ ಆ ಸೀಮೆಯವರು ಸುಮ್ಮನಿರುತ್ತಾರಾ? ಇರಬಾರದು ಕೂಡ. ಅದು ಬಡವರ ಮಾತಲ್ಲ, ಇಡೀ ಒಂದು ನಾಡಿನ ಮಾತು. ಶಾ ಗೇಲಿ ಮಾಡಿದ್ದು ಉಚ್ಚಾರಣೆ ಕೇಳಿ ಬೆಲೆ ಕಟ್ಟುವ ಸಮಾಜವನ್ನು. ತಪ್ಪು ಆಯ್ಕೆಯಾದರೆ ಗೇಲಿ ಹುಡುಗಿಯ ಮೇಲೇ ತಿರುಗುತ್ತದೆ.

## ಆಡಲು ಹೊರಟವರು ತಿಳಿದಿರಬೇಕಾದ್ದು

ಶಾ ಬರೆದ ನಾಟಕ ನಮ್ಮಲ್ಲಿ ಮುಕ್ತ. ಮೊದಲು ಹಕ್ಕುಸ್ವಾಮ್ಯದ ಅವಧಿ 50 ವರ್ಷ ಇತ್ತು. ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುತ್ತಾ ಬಂದಾಗ 1992ರಲ್ಲಿ ಅದನ್ನು 60ಕ್ಕೆ ಏರಿಸಿದರು. ಶಾ ನಾಟಕಗಳೂ ಹತ್ತು ವರ್ಷ ಹೆಚ್ಚು ಕಾಯಬೇಕಾಯಿತು. ಬ್ರಿಟನ್ನಿನಲ್ಲಿ ಅವಧಿ 70 ವರ್ಷ, ಅಲ್ಲಿ 2021ರಿಂದ ಮುಕ್ತ. ಆದರೆ ‘ಮೈ ಫೇರ್ ಲೇಡಿ’ಯ ಹಾಡು, ಸಂಗೀತ, ಅದರ ಕೊನೆ, ಯಾವುದೂ ಮುಕ್ತವಲ್ಲ. ಲರ್ನರ್, ಲೋ ಇಬ್ಬರೂ ತೀರಿಕೊಂಡಿದ್ದು 1980ರ ದಶಕದಲ್ಲಿ. ಹಾಗೆಯೇ ಬೇರೆಯವರು ಮಾಡಿದ ಅನುವಾದ, ರೂಪಾಂತರಕ್ಕೂ ಅವರವರದೇ ಹಕ್ಕು. ಕೇಳದೆ ಬಳಸುವ ಹಾಗಿಲ್ಲ.

ಪುಸ್ತಕ ಹಿಡಿಯುವಾಗ ಯಾವ ಆವೃತ್ತಿ ಎಂದು ನೋಡಿಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವುದು ಸಾಮಾನ್ಯವಾಗಿ 1916ರದ್ದು, ಚಿಲ್ಲರೆ ಕುಲುಕಿಸುವ ಕೊನೆ ಇರುವಂಥದ್ದು. ಗಹಗಹಿಸುವ ಕೊನೆ ಇದ್ದರೆ ಅದು 1941ರದ್ದು. ಅದರಲ್ಲಿ ಸಿನಿಮಾಕ್ಕಾಗಿ ಬರೆದ ದೃಶ್ಯಗಳೂ ಸೇರಿವೆ. ಸಣ್ಣ ತಂಡಗಳು ಅವನ್ನು ನೋಡಿ ಗಾಬರಿಯಾಗಬೇಕಿಲ್ಲ. ನಕ್ಷತ್ರ ಚಿಹ್ನೆಗಳ ಸಾಲು ಹಾಕಿ ಬೇರ್ಪಡಿಸಿದ ದೃಶ್ಯಗಳನ್ನು ಸಾಧಾರಣ ರಂಗಮಂದಿರದಲ್ಲಿ ಬಿಟ್ಟುಬಿಡಿ ಎಂದು ಶಾ ಅವರೇ ಮೊದಲಲ್ಲಿ ಸೂಚನೆ ಕೊಟ್ಟಿದ್ದಾರೆ. ಆಮೇಲೆ ಉಳಿಯುವುದು ಮೂರು ಜಾಗ: ಚರ್ಚಿನ ಕಂಬಸಾಲು, ಹಿಗಿನ್ಸನ ಪ್ರಯೋಗಶಾಲೆ, ಅವನ ತಾಯಿಯ ಹಜಾರ.